ಹೊರೆಗಲ್ಲಿನ ತುಳ್ಸಜ್ಜಿ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ಘಟ್ಟದ ಬುಡದಲ್ಲೊಂದು ಊರು. ಅಲ್ಲಿಯವರು ಕಡಲ ಉಪ್ಪನ್ನು ತಲೆಯ ಮೇಲೆ ಹೊತ್ತು ಘಟ್ಟ ಹತ್ತುತ್ತಿದ್ದರಂತೆ. ಅರ್ಧ ದಾರಿಯಲ್ಲಿ ಒಂದು ಹೊರೆಗಲ್ಲು: ಎರಡು ಕಂಬ, ಮೇಲೊಂದು ಅಡ್ಡ ಚಪ್ಪಡಿ. ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬೇಕು. ಪಕ್ಕದಲ್ಲಿ ತುಳ್ಸಜ್ಜಿ ಎಂಬ ಮುದುಕಿ ನೀರಿನ ಕೊಡ ಇಟ್ಟುಕೊಂಡು ಕೂತಿರುತ್ತಿದ್ದಳಂತೆ.

ನೀರು ಕುಡಿದವರು ತಮ್ಮ ಬಾಳಿನ ಕಥೆ ಹೇಳಬೇಕು. ಮುಂದೆ ಯಾರಾದರೂ ಎದೆ ಸೋತು ಬಂದರೆ ಅಜ್ಜಿ ಅದನ್ನು ಅವರಿಗೆ ಹೇಳುವಳು. ಹೇಳುವಾಗ ‘ಅವನು’ ಎನ್ನುತ್ತಿರಲಿಲ್ಲ, ‘ನಾನು’ ಎನ್ನುತ್ತಿದ್ದಳು. ಆಗ ಅವಳ ದನಿ ಆ ಮನುಷ್ಯನದೇ ಆಗುತ್ತಿತ್ತಂತೆ. ಸತ್ತು ಎಷ್ಟೋ ಕಾಲವಾದ ದೋಣಿಗಾರ ಅವಳ ಬಾಯಲ್ಲಿ ಕೆಮ್ಮುತ್ತಿದ್ದನಂತೆ. ಕೇಳಲೆಂದು ಮಂಜೂ ಇಳಿದು ಬಂದು ದಾರಿಯಲ್ಲಿ ಕೂರುತ್ತಿತ್ತಂತೆ.

ಆದರೆ ಅಜ್ಜಿ ಎಲ್ಲರ ಕಥೆಯನ್ನೂ ಇಟ್ಟುಕೊಳ್ಳುವವಳಲ್ಲ. ಹುಲಿ ಎದುರಾದರೂ ತಾನು ಹೆದರಲಿಲ್ಲ ಎಂದು ಒಬ್ಬ ಕೊಚ್ಚಿಕೊಂಡನಂತೆ. “ಹಂಗಾರೆ ಕತೆ ಹೇಳೂಕೆ ಆ ಹುಲಿಯನ್ನೇ ಕಳ್ಸು ಮಾರಾಯ, ಹೆದ್ರಿದ್ದು ಅದಲ್ವಾ,” ಎಂದಳಂತೆ. ಆತ್ಮಕಥೆ ಎಂಬ ಮಾತು ಆಗ ಇರಲಿಲ್ಲ. ಅದರ ಅಳತೆಗೋಲು ಮಾತ್ರ ಅವಳಲ್ಲಿತ್ತು. ನೀವೂ ದೊಡ್ಡವರ ಆತ್ಮಕಥೆ ಕೈಗೆತ್ತಿಕೊಂಡಾಗ, ಅವರು ನಡುಗಿದ ಪುಟ ಇದೆಯೇ ನೋಡಿ. ಇಲ್ಲದಿದ್ದರೆ ಮುಚ್ಚಿಡಿ.

ಒಂದು ಸಲ ಗಣಪಿ ಎಂಬ ಹೆಂಗಸು ಬಂದಳಂತೆ. ಅವಳನ್ನು ತವರಿನಿಂದ ಕರೆದೊಯ್ಯಲು ಘಟ್ಟ ಇಳಿಯುತ್ತಿದ್ದ ಗಂಡ, ಕಲ್ಲಿಗಿಂತ ಮೇಲಿನ ತಿರುವಿನಲ್ಲಿ ಜಾರಿ ಕಣಿವೆಗೆ ಬಿದ್ದಿದ್ದ. ಅಂದಿನಿಂದ ಅವಳು ತವರು ಬಿಟ್ಟಿರಲಿಲ್ಲ. ಪುಟ್ಟ ಮಗಳು ಘಟ್ಟದ ಮೇಲೆ, ಅತ್ತೆಯ ಬಳಿಯೇ ಉಳಿದಿದ್ದಳು. ಈಗ ಅತ್ತೆ ಹಾಸಿಗೆ ಹಿಡಿದಳೆಂದು ಸುದ್ದಿ. ಮಳೆ ಹಿಡಿದರೆ ದಾರಿಯೇ ಇಲ್ಲ. ಮಗಳನ್ನು ಕರೆತರಲು ಹೊರಟು ಬಂದ ಗಣಪಿ ಕಲ್ಲಿನ ಬುಡದಲ್ಲಿ ಕುಸಿದಳು, ಏಳಲಿಲ್ಲ.

ಅಜ್ಜಿ, ದೋಣಿ ಮುಳುಗಿದರೂ ಈಜಿ ದಡ ಸೇರಿದ್ದ ಆ ದೋಣಿಗಾರನಾದಳಂತೆ. ಸುಟ್ಟ ಮನೆಯನ್ನು ಮತ್ತೆ ಕಟ್ಟಿದ ಕುಂಬಾರಗಿತ್ತಿಯೂ ಆದಳಂತೆ.

“ಅವ್ರೆಲ್ಲ ಗಟ್ಟಿಗರು ಅಜ್ಜಿ. ನನ್ನ ಕೈಲಿ ಆಗೂದಿಲ್ಲ.”

“ಹಂಗಾರೆ ನಿಂದು ಹೇಳು.”

ಗಣಪಿ ಹೇಳಿದಳು. ಮದುವೆ, ಮಗಳ ಮೊದಲ ಹಲ್ಲು, ಗಂಡ ಬಾರದ ಆ ಸಂಜೆ. ಕೊನೆಗೆ, ನಾನು ಈ ಕಲ್ಲಿನ ಹತ್ತಿರ ಕೂತೆ ಎಂದು ನಿಲ್ಲಿಸಿದಳು.

“ಆಮೇಲೆ?”

“ಆಮೇಲೆ ಎಂತದೂ ಇಲ್ಲ.”

“ಅರ್ಧ ಕತೆ ನಾನು ಇಟ್ಕಣೂದಿಲ್ಲ. ನಾಳೆ ನಿನ್ನ ಹಾಂಗೇ ಒಬ್ಳು ಬಂದು ಇಲ್ಲಿ ಕೂತ್ರೆ, ಇಷ್ಟೇ ಅಂತ ಹೇಳ್ಲಾ?”

ಗಣಪಿ ಕಲ್ಲಿನ ಕಂಬ ಹಿಡಿದಳಂತೆ. ಆಮೇಲೆ ಎದ್ದಳಂತೆ. ಹತ್ತುತ್ತಿರುವಾಗ ಹಿಂದಿನಿಂದ ಅವಳದೇ ದನಿ ಕೇಳಿಸಿತಂತೆ: ನಾನು ಎದ್ದೆ. ನಾನು ತಿರುವಿಗೆ ಬಂದೆ. ಕಾಲು ನಡುಗಿತು. ಅದು ಅಜ್ಜಿ ಎನ್ನುವವರಿದ್ದಾರೆ, ಮಂಜು ಎನ್ನುವವರಿದ್ದಾರೆ. ಮೊದಲ ಮಳೆಗೆ ಮುಂಚೆ ಗಣಪಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದು ಬಂದಳಂತೆ. ಹೋಗುವಾಗ ಆ ತಿರುವನ್ನು ಅಳುತ್ತ, ಅಂಬೆಗಾಲಿನಲ್ಲಿ ದಾಟಿದೆ ಎಂದಳಂತೆ. ಅಜ್ಜಿ ಒಂದಕ್ಷರ ತಿದ್ದದೆ ಹಾಗೇ ಇಟ್ಟುಕೊಂಡಳಂತೆ.

ಈಗ ಘಟ್ಟಕ್ಕೆ ಬಸ್ಸು ಹೋಗುತ್ತದೆ. ಆದರೂ ಪರೀಕ್ಷೆಯಲ್ಲಿ ಬಿದ್ದವರು, ಆಪರೇಷನ್ನಿಗೆ ಹೊರಟವರು, ಜೊತೆಗೊಬ್ಬರನ್ನು ಕರೆದುಕೊಂಡು ಕಾಲುದಾರಿಯಲ್ಲಿ ಆ ಕಲ್ಲಿನವರೆಗೆ ಹೋಗುತ್ತಾರೆ. ಚಪ್ಪಡಿಯ ಮೇಲೆ ಎರಡೂ ಕೈಯಿಟ್ಟು ‘ನಾನು’ ಎಂದು ಶುರುಮಾಡುತ್ತಾರೆ. ಜೊತೆಗೆ ಬಂದವರು ಬುದ್ಧಿ ಹೇಳಬಾರದು, ಸಮಾಧಾನವನ್ನೂ ಹೇಳಬಾರದು. ಮಾತು ನಿಂತ ಕಡೆ ‘ಆಮೇಲೆ?’ ಎಂದಷ್ಟೇ ಕೇಳಬೇಕು.