ಕನ್ನಡಿಯ ಹಿಂದಿನ ಪತ್ರಿಕೆ

ಹುಲುಗಪ್ಪನ ಕಟಿಂಗ್ ಶಾಪಿನಲ್ಲಿದ್ದ ದಿನಪತ್ರಿಕೆಗೆ ಒಂದೇ ಹೊಟ್ಟೆಯುರಿ. ಹುಲುಗಪ್ಪ ಅದನ್ನು ಹರಿದು ಕತ್ತಿಯ ನೊರೆ ಒರೆಸುತ್ತಿದ್ದ. ಎಂಟೇ ಪುಟದ ಮಾಸಪತ್ರಿಕೆಯನ್ನು ಮಾತ್ರ ಕನ್ನಡಿಯ ಹಿಂದೆ ಜೋಪಾನವಾಗಿಟ್ಟು, ಬೇಕಾದವರಿಗಷ್ಟೇ ಮೆಲ್ಲಗೆ ಓದಿ ಹೇಳುತ್ತಿದ್ದ.

“ನಿನ್ನಲ್ಲೇನಿದೆ ಅಂಥದ್ದು?” ಎಂದು ದಿನಪತ್ರಿಕೆ ಕೇಳಿತು.

“ದೇಶ ನಮ್ಮದು, ಅವರದಲ್ಲ ಅನ್ನುವ ಒಂದೇ ಮಾತು.”

“ಇಷ್ಟೇನಾ? ಇದು ನನಗೂ ಬರುತ್ತೆ!”

ಮರುದಿನ ಅದು ಆ ಮಾತನ್ನೇ ಮುಖಪುಟದ ತುಂಬ ಹೊತ್ತು ಬಂತು. ದೊಡ್ಡ ಪತ್ರಿಕೆಯೇ ಹೇಳಿದ ಮೇಲೆ ಅಂಜಿಕೆ ಯಾಕೆಂದು ಹುಲುಗಪ್ಪ ಗಟ್ಟಿಯಾಗಿ ಓದಿದ. ಕುರ್ಚಿಯಲ್ಲಿದ್ದ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ ದಸ್ತಗೀರ್ ಸಾಬರು ಅರ್ಧ ಗಡ್ಡದಲ್ಲೇ ಎದ್ದು ಹೋದರು. ಗಿರಾಕಿಗಳಲ್ಲಿ ಹೆಚ್ಚಿನವರು ಅವರ ಓಣಿಯವರೇ; ಅವತ್ತು ಯಾರೂ ಅತ್ತ ಸುಳಿಯಲಿಲ್ಲ.

ಆಮೇಲೆ ಸಂಜೆಯವರೆಗೂ ತನ್ನ ಒಂದು ಹಾಳೆಯೂ ಹರಿಯದ್ದನ್ನು ಕಂಡು ದಿನಪತ್ರಿಕೆ, “ಗೆದ್ದೆ!” ಎಂದು ಬೀಗಿತು. ಕತ್ತಿಯಲ್ಲಿ ಒರೆಸಲು ನೊರೆಯೇ ಇರಲಿಲ್ಲ.