ಬೀಟೆ ಕುರ್ಚಿಯಡಿಯ ಕೇಬಲ್ಲು

ಹೊಸ ಇಂಟರ್ನೆಟ್ ಹಾಕಿಸಿದರೂ ದಾವಣಗೆರೆಯ ನಿವೃತ್ತ ಇನ್ಸ್‌ಪೆಕ್ಟರ್ ರುದ್ರಮುನಿಯಪ್ಪನವರ ಟಿವಿ ನಿಂತು ನಿಂತು ಓಡುತ್ತಿತ್ತು. ಸಂಜೆ ಶಿವಮೊಗ್ಗದಿಂದ ಮೊಮ್ಮಗಳ ಮೊದಲ ನೃತ್ಯದ ನೇರಪ್ರಸಾರವಿತ್ತು.

"ಒಂದು ಸಲ ನಿಂತರೂ ನಾನು ಸುಮ್ಮನಿರಲ್ಲ!" ಎಂದು ಸೊಸೆ ಸರ್ವಮಂಗಳಾಗೆ ಗದರಿದರು.

ಅವಳು ಬಗ್ಗಿ ನೋಡಿದಳು. ಟಿವಿಗೆ ಹೋಗುವ ಕೇಬಲ್ಲು ಮಾವನ ಬೀಟೆ ಕುರ್ಚಿಯ ಕಾಲಿನಡಿ ಜಜ್ಜಿಹೋಗಿತ್ತು.

"ಮಾವ, ಕುರ್ಚಿ ಸ್ವಲ್ಪ ಸರಿಸಲಾ?"

"ನನ್ನ ಕುರ್ಚಿ ಮುಟ್ಟಬೇಡ! ಅದು ಅಲ್ಲೇ ಇರಬೇಕು."

ಅವಳು ವಾದಿಸಲಿಲ್ಲ. "ಆಗಲಿ ಮಾವ. ನೃತ್ಯ ನೋಡೋಕೆ ಅಕ್ಕಪಕ್ಕದವರು ಬರ್ತಾರೆ. ಟಿವಿ ಎದುರಿಗೆ, ನಡುವೆ, ಎದುರುಮನೆ ವಕೀಲರನ್ನ ಕೂರಿಸ್ತೀನಿ. ನೀವು ಈ ಮೂಲೇಲೇ ಆರಾಮಾಗಿರಿ."

"ವಕೀಲನಾ? ನನ್ನ ಮೊಮ್ಮಗಳಿಗೆ ಅವನೇನಾಗಬೇಕು?"

ರುದ್ರಮುನಿಯಪ್ಪ ತಾವೇ ಕುರ್ಚಿ ಎಳೆದು ನಡುವೆ ಹಾಕಿದರು. ಪಂಚೆ ಬದಲಿಸಿ ಬರುವಷ್ಟರಲ್ಲಿ ಸೊಸೆ ಹೊಸ ಕೇಬಲ್ಲು ಸಿಕ್ಕಿಸಿದ್ದಳು.

ನೃತ್ಯ ಎಲ್ಲೂ ನಿಲ್ಲಲಿಲ್ಲ. ಅಜ್ಜನ ಕಣ್ಣು ತುಂಬಿಬಂತು. ಹೊರಡುವಾಗ ವಕೀಲರು ಕೇಳಿದರು, "ನಮ್ಮ ಟಿವಿ ಹೀಗೆ ಓಡಲ್ಲ ಸಾರ್, ನೀವೇನು ಮಾಡಿದ್ರಿ?"

"ಏನಿಲ್ಲ ರೀ. ಎದುರಿಗೆ ಗತ್ತಿನಿಂದ ಕೂರಬೇಕು. ಮೂಲೇಲಿ ಕೂತರೆ ಟಿವಿಗೂ ನಾವು ಸಸಾರ."

ಸರ್ವಮಂಗಳಾ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.