ಕಡಜ ಕಚ್ಚಿದರೆ ನಾಯಿಯ ಮೂತಿ ಊದುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಗಾಳಿ ಕೇಳಿದರೆ ನದಿ ಉತ್ತರ ಕೊಡುತ್ತಿತ್ತು, ಹುಳ ಬೈದರೆ ಮರ ನಗುತ್ತಿತ್ತು.

ಆಗ ಭೂಮಿತಾಯಿ ನಾಯಿಯನ್ನು ಮಾಡಿದಳು. ಮೂಗು ಮಾಡಿದಳು, ಬಾಲ ಮಾಡಿದಳು, ಆಮೇಲೆ ಮೈಯೊಳಗೆ ಕಾವಲುಗಾರರನ್ನು ಕೂರಿಸಿದಳು. ಕಣ್ಣಿಗೆ ಕಾಣದಷ್ಟು ಸಣ್ಣವರು. ತುಟಿಯಲ್ಲಿ ಕೆಲವರು, ಗಂಟಲಲ್ಲಿ ಕೆಲವರು, ಹೊಟ್ಟೆಯಲ್ಲಿ ಇನ್ನಷ್ಟು ಜನ. ಒಬ್ಬೊಬ್ಬರ ಕೈಗೂ ಖಾರದ ನೀರಿನ ಒಂದೊಂದು ಕುಡಿಕೆ ಕೊಟ್ಟಳು. ಹಗೆ ಒಳಗೆ ನುಗ್ಗಿದರೆ ನುಗ್ಗಿದ ಜಾಗದಲ್ಲಿ ಮಾತ್ರ ಕುಡಿಕೆ ಒಡೆಯಿರಿ, ಅಲ್ಲಿ ರಕ್ತದ ಹೊಳೆ ದಡದಿಂದ ಒಸರಿ ಹಗೆಯನ್ನು ಸುತ್ತುಗಟ್ಟುತ್ತದೆ ಎಂದು ಹೇಳಿಕೊಟ್ಟಳು.

ಆ ನಾಯಿ ಬಂದು ಸೇರಿದ್ದು ಮಾಳವ್ವನ ಹಟ್ಟಿಗೆ. ಲೋಕದಲ್ಲಿ ಮೊಟ್ಟಮೊದಲು ಕುರಿ ಸಾಕಿದವಳು ನಮ್ಮ ಮಾಳವ್ವ. ಅಜ್ಜಿ ಜಂಬ ಕೊಚ್ಚುತ್ತಾಳೆ ಅನ್ನುತ್ತೀಯೇನೋ. ಕೊಚ್ಚುತ್ತೇನೆ ಮಗಾ. ಕುರಿಯವರ ಮನೆಯಲ್ಲಿ ಹುಟ್ಟಿ ಇಷ್ಟಾದರೂ ಜಂಬ ಇಲ್ಲದಿದ್ದರೆ ಹೇಗೆ?

ನಾಯಿಯ ಮೈತುಂಬ ಕಪ್ಪುಬಿಳುಪು ಮಚ್ಚೆ ಇದ್ದವು. ಮಾಳವ್ವ ಅವನಿಗೆ ಹಂಡ್ಯಾ ಎಂದು ಹೆಸರಿಟ್ಟಳು. ತೋಳ ಬಂದರೆ ಮೊದಲು ಎದುರು ನಿಲ್ಲುವವನು ಅವನೇ. ಅವನಿಲ್ಲದಿದ್ದರೆ ಹಟ್ಟಿಯಲ್ಲಿ ಒಂದು ಮರಿಯೂ ಉಳಿಯುತ್ತಿರಲಿಲ್ಲ.

ಹಟ್ಟಿಗೆ ಒಂದು ಕಟ್ಟಳೆ ಇತ್ತು. ತೋಳ ಕಂಡವರು ‘ಹೋ’ ಎಂದು ಕೂಗಬೇಕು. ಕೇಳಿದವರೆಲ್ಲ ತಾವೂ ಕೂಗುತ್ತ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರಬೇಕು. ಯಾಕೆ, ಏನು ಎಂದು ಕೇಳುತ್ತ ನಿಲ್ಲುವಂತಿಲ್ಲ. ಬಯಲಿಗೆ ಬಯಲೇ ‘ಹೋ’ ಎಂದಾಗ ತೋಳ ಕಾಲಿಗೆ ಬುದ್ಧಿ ಹೇಳುತ್ತಿತ್ತು.

ಹಂಡ್ಯಾನ ಮೈಯೊಳಗಿನ ಕಾವಲುಗಾರರು ಈ ಕೂಗನ್ನು ಕೇಳಿ ಕೇಳಿ ಮರುಳಾದರು. ಕಾವಲು ಅಂದರೆ ಹೀಗಿರಬೇಕು ಎಂದು ಮಾತಾಡಿಕೊಂಡರು. ಒಬ್ಬ ಕೂಗಿದರೆ ಎಲ್ಲರೂ ಕುಡಿಕೆ ಒಡೆಯಬೇಕು ಎಂದು ಆಣೆ ಹಾಕಿಕೊಂಡರು. ಹಗೆ ನುಗ್ಗಿದ ಜಾಗದಲ್ಲಿ ಮಾತ್ರ ಎಂದು ಭೂಮಿತಾಯಿ ಹೇಳಿದ್ದು ಆ ಹುರುಪಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಒಂದು ದಿನ ಹಂಡ್ಯಾ ಜಾಲಿ ಪೊದೆಯೊಳಗೆ ಮೂಗು ತೂರಿಸಿದ. ಅಲ್ಲಿ ಕಡಜದ ಗೂಡಿತ್ತು. ಹಳದಿ ಪಟ್ಟೆಯ ಕಡಜ ಬಂದು ಮೂಗಿಗೆ ಚುಚ್ಚಿತು. ಕಾವಲುಗಾರರಿಗೆ ಈ ವಿಷದ ಪರಿಚಯವಿರಲಿಲ್ಲ. ಯಾರೂ ಕೂಗಲಿಲ್ಲ. ಮೂಗು ಸ್ವಲ್ಪ ಉರಿದು ಸುಮ್ಮನಾಯಿತು. ಕಾವಲುಗಾರರಿಗೆ ಮಾತ್ರ ಅವಮಾನವಾಯಿತು. ಕಳ್ಳ ನಮ್ಮ ಕಣ್ಣೆದುರೇ ಬಂದುಹೋದನಲ್ಲ ಎಂದು ಹಲ್ಲು ಕಚ್ಚಿ, ಆ ವಿಷದ ಗುರುತನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ಕೆಲವು ವಾರ ಕಳೆದವು. ಹಂಡ್ಯಾ ಮತ್ತೆ ಅದೇ ಪೊದೆಗೆ ಮೂಗು ತೂರಿಸಿದ. ನಾಯಿ ಅಲ್ಲವೇ, ಬುದ್ಧಿ ಎಲ್ಲಿಂದ ಬರಬೇಕು! ಕಡಜ ಮತ್ತೆ ಚುಚ್ಚಿತು.

ಮೂಗಿನ ಕಾವಲುಗಾರ ಗುರುತು ಹಿಡಿದ. ‘ಹೋ’ ಎಂದ. ತುಟಿಯವರು ಹೋ ಎಂದರು, ಗಂಟಲಿನವರು ಹೋ ಎಂದರು, ಹೊಟ್ಟೆಯವರು ಹೋ ಎಂದರು. ಬಾಲದ ತುದಿಯವರೆಗೆ ಇದ್ದಬದ್ದ ಕುಡಿಕೆಗಳೆಲ್ಲ ಒಮ್ಮೆಗೇ ಒಡೆದವು.

ಇಲಿಯ ಮೇಲಿನ ಸಿಟ್ಟಿಗೆ ಮನೆಗೇ ಬೆಂಕಿ ಹಚ್ಚಿದ ಹಾಗಾಯಿತು. ಹಂಡ್ಯಾನ ಮೂತಿ ಕುಂಬಳಕಾಯಿಯಾಯಿತು. ಮೈತುಂಬ ದದ್ದು ಎದ್ದವು. ತಿಂದದ್ದೆಲ್ಲ ವಾಂತಿಯಾಯಿತು. ರಕ್ತದ ಹೊಳೆ ಎಲ್ಲ ಕಡೆಯೂ ದಡದಿಂದ ಒಸರಿ, ಹೃದಯಕ್ಕೆ ಬರಬೇಕಾದ ನೀರೇ ಬತ್ತಿತು. ಒಸಡು ಬೆಳ್ಳಗಾಯಿತು, ಕಾಲು ಮಡಚಿ ಅವನು ನೆಲಕ್ಕೆ ಬಿದ್ದ.

ಮಾಳವ್ವ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಏನು ಮಾಡಿದೆ ನನ್ನ ಮಗನಿಗೆ ಎಂದು ಕಡಜವನ್ನು ಕೇಳಿದಳು.

“ನಾ ಚುಚ್ಚಿದ್ದು ಸಾಸಿವಿ ಕಾಳಿನಷ್ಟ ಯವ್ವಾ,” ಎಂದಿತು ಕಡಜ. ಅದಕ್ಕೂ ಗಾಬರಿಯಾಗಿತ್ತು. “ಇಷ್ಟು ಮಾಡೂ ತಾಕತ್ತು ನನ್ನ ವಿಷಕ್ಕ ಇಲ್ಲ.”

ಮಾಳವ್ವ ಗಾಳಿಯನ್ನು ಕರೆದು ಹಂಡ್ಯಾನ ಎದೆಯೊಳಗೆ ಹೋಗು ಎಂದು ಬೇಡಿಕೊಂಡಳು. ಗಾಳಿ ಗಂಟಲಿನವರೆಗೆ ಹೋಗಿ, ಸಂದಿನಲ್ಲಿ ಸಿಳ್ಳೆ ಹಾಕಿ ಹಿಂದಕ್ಕೆ ಬಂತು.

“ದಾರಿ ಬಾಳ ಸಣ್ಣ ಆಗೇತಿ ಮಾಳವ್ವ,” ಎಂದಿತು. “ಒಳಗ ನಿಮ್ಮ ಹಟ್ಟಿ ಕೂಗು ನಡದೈತಿ. ಎಲ್ಲಾರೂ ಕೂಗಾಕತ್ತಾರ. ನಿಲ್ಲಸವರು ಯಾರೂ ಇಲ್ಲ.”

ಮಾಳವ್ವನಿಗೆ ಆಗ ತಿಳಿಯಿತು. ಹಟ್ಟಿಯಲ್ಲಿ ಕೂಗು ಎರಡು. ತೋಳ ಬಂದಾಗ ಒಂದು, ತೋಳ ಓಡಿದ ಮೇಲೆ ಎಲ್ಲರನ್ನೂ ಹಿಂದಕ್ಕೆ ಕರೆಯಲು ಇನ್ನೊಂದು. ಎರಡನೆಯದನ್ನು ಹಟ್ಟಿಯ ಹಿರಿಯರು ಮೆಲ್ಲಗೆ ಕೂಗುವುದು ರೂಢಿ. ಅಬ್ಬರದ ಕೂಗನ್ನು ಕಲಿತ ಕಾವಲುಗಾರರು ಮೆಲುದನಿಯ ಕೂಗಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ.

ಅವಳು ಹಂಡ್ಯಾನ ಕಿವಿಗೆ ಬಾಯಿಟ್ಟು ಕೂಗಿದಳು.

“ತೋಳ ಹೋತು, ತಿರುಗ್ರೋ! ಕುರಿ ಅದಾವು, ಮರಿ ಅದಾವು, ತಿರುಗ್ರೋ!”

ಹಂಡ್ಯಾನ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಇಬ್ಬರು ಅಣ್ಣತಮ್ಮಂದಿರು ಕೂತಿದ್ದರು. ಕೈಯಲ್ಲಿ ಕುಡಿಕೆ ಇಲ್ಲವೆಂದು ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಕೂಗು ಕೇಳಿದ್ದು ಅವರಿಗೆ. ತಿರುಗ್ರೋ ಎನ್ನುತ್ತ ಅವರು ರಕ್ತದ ಹೊಳೆಗೆ ಧುಮುಕಿದರು. ಹೊಳೆಯ ದಡ ಬಿಗಿ ಮಾಡಿದರು. ಹೃದಯವನ್ನು ತಟ್ಟಿ ಎಬ್ಬಿಸಿದರು. ಗಂಟಲಿನ ದಾರಿ ತೆರೆದರು. ಗಾಳಿ ಒಳಗೆ ನುಗ್ಗಿತು. ಹಂಡ್ಯಾ ಕೆಮ್ಮಿದ, ಕಣ್ಣು ಬಿಟ್ಟ, ಮಾಳವ್ವನ ಕೈ ನೆಕ್ಕಿದ.

ಇಂಥ ಕಾವಲುಗಾರರು ಬೇಡ, ತೆಗೆದುಬಿಡುತ್ತೇನೆ ಎಂದಳು ಭೂಮಿತಾಯಿ. ಮಾಳವ್ವ ಒಪ್ಪಲಿಲ್ಲ.

“ಬ್ಯಾಡ ತಾಯಿ. ತಪ್ಪು ಮಾಡ್ಯಾರ, ಖರೆ. ಆದರ ಮೈಗಳ್ಳರಲ್ಲ. ಕರದಾಗ ಒಬ್ಬನರೆ ಹಿಂದ ಉಳದನೇನು? ಇವರು ನನ್ನ ಹಟ್ಟಿಯವರು.”

ಭೂಮಿತಾಯಿ ನಕ್ಕು ಒಪ್ಪಿದಳು. ಹಾಗಾಗಿ ಕಾವಲುಗಾರರು ಉಳಿದರು, ಅವರ ಆತುರವೂ ಉಳಿಯಿತು. ಅಣ್ಣತಮ್ಮಂದಿರ ಕೂಗು ಎಲ್ಲ ಸಲವೂ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ನಾಯಿ ವಾಂತಿ ಮಾಡಿ ಕಾಲು ಮಡಚಿತೋ, ಒಸಡು ಬೆಳ್ಳಗಾಯಿತೋ, ಒಂದು ಗಳಿಗೆಯೂ ಕಾಯದೆ ದನದ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಬೇಕು. ಅವರು ಸೂಜಿಯಲ್ಲಿ ಕೊಡುವುದು ಆ ಅಣ್ಣತಮ್ಮಂದಿರ ಕೂಗನ್ನೇ.

ಅದಕ್ಕೇ ಮಗಾ, ಕಡಜ ಕಚ್ಚಿದ ನಾಯಿಯ ಮೂತಿ ಇವತ್ತಿಗೂ ಊದುತ್ತದೆ. ಅದನ್ನು ಕಂಡು ಊರಿನವರು ನಕ್ಕರೂ ನೀನು ನಗಬೇಡ, ನಮ್ಮ ಹಟ್ಟಿಯ ಕೂಗಿಗೆ ಈಗಲೂ ಎದ್ದು ಬರುವವರು ಆ ಮೂತಿಯೊಳಗೆ ನಿಂತಿದ್ದಾರೆ.